ತುರ್ತು: ‘ಫ್ಯಾಮಿಲಿ ಥೆರಪಿ’ಗೆ ಬೋರ್ಡ್ ಮೇಲೆ ಏನು ಬರೆಸಲಿ?

ಸೋಮವಾರ ಪೇಂಟರ್ ಬರುತ್ತಾನೆ, ಅಷ್ಟರೊಳಗೆ ಪದ ಬೇಕು. ಸೈಕಿಯಾಟ್ರಿಕ್ ಸೋಷಿಯಲ್ ವರ್ಕ್ ಓದುವವರಿಗೆ ಫ್ಯಾಮಿಲಿ ಥೆರಪಿ, ಅಂದರೆ ಇಡೀ ಕುಟುಂಬವನ್ನು ಒಟ್ಟಿಗೆ ಕೂರಿಸಿ ಮಾತಾಡುವ ಚಿಕಿತ್ಸೆ, ಕಲಿಸುತ್ತೇನೆ. ನಮ್ಮಲ್ಲಿ ಎರಡು ಕೋಣೆ, ನಡುವೆ ಒಂದೇ ಕಡೆಯಿಂದ ಕಾಣುವ ಗಾಜು. ಒಪ್ಪಿದ ಮನೆಯವರು ಇತ್ತ, ನೋಡಿ ಕಲಿಯುವ ಹುಡುಗರು ಅತ್ತ. ಬಾಗಿಲಿಗೆ ‘ಕುಟುಂಬ ಚಿಕಿತ್ಸೆ’ ಎಂದು ಹಾಕಿದ್ದೆವು. ಒಬ್ಬಾಕೆ ಓದಿ ಹೊಸ್ತಿಲಲ್ಲೇ ನಿಂತರು. ‘ನಂಗೆ ಆಪರೇಷನ್ ಆಗಿದೆ ಮೇಡಂ’ ಅಂದರು! 1952ರಿಂದ ಸರಕಾರ ಕುಟುಂಬ ಅಂದಾಗಲೆಲ್ಲ ಕುಟುಂಬ ಯೋಜನೆಯ ಮಾತೇ ತಾನೇ?

ಪಾಠದ ಹೆಸರಲ್ಲಿ ‘ರಿಲೇಷನಲ್’ ಬೇರೆ ಇದೆ. ತೊಂದರೆ ಒಬ್ಬರ ತಲೆಯೊಳಗಲ್ಲ, ಇಬ್ಬರ ನಡುವೆ ಎಂಬ ಅರ್ಥ. ‘ಸಂಬಂಧ’ ಬೇಡ. ನಮ್ಮೂರಲ್ಲಿ ಸಂಬಂಧ ಅಂದ್ರೆ ಒಂದೋ ಹೆಣ್ಣು ನೋಡೋದು, ಇಲ್ಲಾ ಗುಟ್ಟಿನ ವಿಷಯ.

ಉತ್ತರ, ಶಿವಮೊಗ್ಗದಿಂದ

‘ನಂಟು’ ಇದೆಯಲ್ಲ. ಕಿಟೆಲ್ 1894ರ ನಿಘಂಟಿನಲ್ಲೇ ಕೊಟ್ಟಿದ್ದಾರೆ. ತಮಿಳಿನ ‘ನಟ್ಪು’ (ಗೆಳೆತನ) ಇದೇ ಬೇರಿನದು, ಹತ್ತಿರವಾಗು ಎನ್ನುವ ‘ನಣ್ಣು’. ಬೋರ್ಡಿಗೆ ‘ಮನೆಮಂದಿ ಮಾಂಜುಗೆ’ ಎಂದು ಬರೆಸಿ, ಮಾಂಜುಗೆ ಅಂದರೆ ಚಿಕಿತ್ಸೆ. ಮಹಾಪ್ರಾಣದ ಕಾಟವೂ ಇಲ್ಲ.

ಉತ್ತರ, ಮೈಸೂರಿನಿಂದ

ಮಾಂಜುಗೆ ಗಾಳಿಪಟದ ದಾರಕ್ಕಿರಲಿ. ನಂಟೂ ಬೇಡ. ನೆಂಟ ಅಂದ್ರೆ ಮನೆಗೆ ಬಂದು ಹೋಗುವವನು. ‘ಅಕ್ಕಿ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ’ ಕೇಳಿಲ್ಲವೇ?

‘ಚಿಕಿತ್ಸೆ’ಯನ್ನು ಯಾರೂ ಬಿಡಿಸಿ ನೋಡಿಲ್ಲ. ಜಿಜ್ಞಾಸೆಯ ಹಾಗೆ ಇದೂ ಸನ್ನಂತ, ಅಂದರೆ ಬಯಕೆ ಹೇಳುವ ಸಂಸ್ಕೃತ ರೂಪ. ‘ಚಿತ್ತ’ದ್ದೇ ಬೇರು. (ವ್ಯಾಕರಣದವರು ‘ಕಿತ್’ ಅಂತಾರೆ, ಆ ಜಗಳ ಈಗ ಬೇಡ.) ಗಮನ ಕೊಡುವ ಬಯಕೆ ಎಂದು ಅರ್ಥ, ಮಾತ್ರೆ ಸಿರಪ್ಪೆಲ್ಲ ಆಮೇಲಿನದು. ಇದ್ದ ಬೋರ್ಡೇ ಸರಿ. ಜನ ಕಲಿಯಲಿ.

ಉತ್ತರ, ಶಿವಮೊಗ್ಗದಿಂದ

‘ಜನ ಕಲಿಯಲಿ’. ಇದೇ ರೋಗ. ಸಂಸ್ಕೃತದಿಂದ ಪದ ಸಾಲ ತಂದವರು ನೀವು, ಬಡ್ಡಿ ಕಟ್ಟುವವರು ಹಳ್ಳಿಯವರು.

ಉತ್ತರ, ಧಾರವಾಡದಿಂದ

ಇಬ್ಬರೂ ಸುಮ್ನಿರಿ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಮನೋವೈದ್ಯ ವಿದ್ಯಾಸಾಗರ್ ರೋಗಿಗಳ ಜೊತೆ ಮನೆಯವರನ್ನೂ ಟೆಂಟು ಹಾಕಿ ಇರಿಸಿಕೊಂಡರು. ಮೊದಲು ಕೆಲಸ ನಡೆಯಿತು, ಹೆಸರು ಹಿಂದಿನಿಂದ ಬಂತು.

ಒಂದು ಎಚ್ಚರಿಕೆ: ‘ಮನೆಯವರು’ ಎಂದು ಬರೆಸಬೇಡಿ. ಹೆಂಗಸರು ಗಂಡನನ್ನು ಮಾತ್ರ ಒಳಗೆ ಕಳಿಸಿ ಹೊರಗೆ ಕೂರುತ್ತಾರೆ! ‘ಮಾತುಕತೆ’ಯೂ ಮದುವೆಗೇ ಹೋಗುತ್ತದೆ. ‘ಮನೆಮಂದಿ’ ಸಾಕು, ಅಜ್ಜಿಯೂ ಬರುತ್ತಾಳೆ.

‘ರಿಲೇಷನಲ್’ಗೆ ನನ್ನ ಮತ ‘ನಡುವಣ’. ಇಟಲಿಯ ಮಿಲಾನಿನ ಫ್ಯಾಮಿಲಿ ಥೆರಪಿ ತಂಡದವರ ಸುತ್ತುಪ್ರಶ್ನೆ (ಸರ್ಕ್ಯುಲರ್ ಕ್ವೆಶ್ಚನಿಂಗ್) ಕಲಿಸುತ್ತೀರಲ್ಲ? ‘ಅಮ್ಮ ಅತ್ತಾಗ ಅಪ್ಪ ಏನು ಮಾಡ್ತಾರೆ?’ ಅಂತ ಮಗಳನ್ನು ಕೇಳುವುದು. ಅಲ್ಲಿ ಕೇಳುತ್ತಿರುವುದು ಅಮ್ಮನ ಬಗ್ಗೆಯೂ ಅಲ್ಲ, ಅಪ್ಪನ ಬಗ್ಗೆಯೂ ಅಲ್ಲ, ನಡುವಿನದ್ದರ ಬಗ್ಗೆ.

ಕೇಳಿದವರಿಂದ

‘ನಡುವಣ’ ಕ್ಲಾಸಿಗೆ ಒಯ್ಯುತ್ತೇನೆ. ಸಿಲಬಸ್ ಸಮಿತಿ ಒಪ್ಪುವುದು ಅನುಮಾನ. ಬೋರ್ಡಿಗೆ ‘ಮನೆಮಂದಿ ಕೋಣೆ’ ಎಂದು ಬರೆದುಕೊಟ್ಟಾಯಿತು.

ಉತ್ತರ, ಮೈಸೂರಿನಿಂದ

ಸಂತೋಷ. ‘ಕೋಣೆ’ ಸಂಸ್ಕೃತದ ‘ಕೋಣ’ದಿಂದ ಬಂದದ್ದು, ಗೊತ್ತಿರಲಿ.

ಉತ್ತರ, ಶಿವಮೊಗ್ಗದಿಂದ

ಇಲ್ಲಿಂದ ಅಲ್ಲಿಗೆ ಹೋದದ್ದು.