ಕ್ರಾಫರ್ಡನಿಗೆ ಎಷ್ಟನೆಯ ಕುರ್ಚಿ?

ಟೆರೆನ್ಸ್ ಕ್ರಾಫರ್ಡ್ 2025ರ ಡಿಸೆಂಬರಿನಲ್ಲಿ ಬಾಕ್ಸಿಂಗಿಗೆ ವಿದಾಯ ಹೇಳಿದ. ಅವನಿಗೆ ವಿಶ್ರಾಂತಿ ಸಿಕ್ಕಿತು, ನಮ್ಮ ಭಾನುವಾರದ ಕಾಫಿ ಗುಂಪಿನ ನೆಮ್ಮದಿ ಹೋಯಿತು. 42 ಪಂದ್ಯಗಳಲ್ಲಿ 42 ಗೆಲುವು, ಅದರಲ್ಲಿ 31 ನಾಕೌಟ್, ಐದು ತೂಕದ ವಿಭಾಗಗಳಲ್ಲಿ ಪಟ್ಟ. ಇಂಥವನನ್ನು ಮಹಾಮಹಿಮರ ಸಾಲಿನಲ್ಲಿ ಕೂರಿಸಬೇಕೆಂಬುದರಲ್ಲಿ ನಮ್ಮಲ್ಲಿ ಯಾರಿಗೂ ತಕರಾರಿಲ್ಲ. ಎಷ್ಟನೆಯ ಕುರ್ಚಿ ಎಂಬ ಪ್ರಶ್ನೆ ಬಂದಾಗ ಮಾತ್ರ, ಜನ್ಮದಲ್ಲಿ ಗ್ಲೌಸು ಮುಟ್ಟಿ ನೋಡದ ನಾವೆಲ್ಲರೂ ಮುಷ್ಟಿ ಬಿಗಿದೆವು.

ಇತಿಹಾಸದ ಮೇಷ್ಟ್ರ ನಿಲುವು ಸರಳವಾದದ್ದು: ಸತ್ತು ಮೂವತ್ತು ವರ್ಷವಾಗದವನನ್ನು ಮಹಾನ್ ಎನ್ನುವುದು ಅವಸರದ ಕೆಲಸ. “ಹಾಗಾದರೆ ಪನಾಮಾದ ಬಾಕ್ಸಿಂಗ್ ದಿಗ್ಗಜ ರಾಬರ್ಟೋ ದುರಾನ್ ಇನ್ನೂ ಬದುಕಿದ್ದಾರಲ್ಲ, ಮೇಷ್ಟ್ರೇ?” ಎಂದು ನಮ್ಮಲ್ಲಿ ಕಿರಿಯನಾದ ಇಂಜಿನಿಯರ್ ಕೇಳಿದ. “ಅದು ಅವರ ತಪ್ಪಲ್ಲ,” ಎಂದು ಮೇಷ್ಟ್ರು ಉದಾರವಾಗಿ ಕ್ಷಮಿಸಿದರು.

135 ಪೌಂಡಿನ ಲೈಟ್‌ವೇಟ್ ವಿಭಾಗದ ಚರ್ಚೆ ಕಾಫಿ ಆರುವುದರೊಳಗೆ ಮುಗಿಯಿತು. 2014ರಲ್ಲಿ ಗ್ಲಾಸ್ಗೋಗೆ ಹೋಗಿ ರಿಕಿ ಬರ್ನ್ಸ್‌ನನ್ನು ಅವನ ನಾಡಿನಲ್ಲೇ ಸೋಲಿಸಿದ್ದು, ಬಳಿಕ ತನ್ನ ಊರಾದ ಒಮಾಹಾದಲ್ಲಿ ಗಂಬೋವಾನನ್ನು ಮಲಗಿಸಿದ್ದು ಚೆಲುವಾದ ಕೆಲಸಗಳೇ. ಆದರೆ ಜೋ ಗಾನ್ಸ್, ಬೆನ್ನಿ ಲಿಯೊನಾರ್ಡ್, ದುರಾನ್‌ರಂಥ ಹಳೆಯ ಮಹಾರಥಿಗಳಿರುವ ಮನೆಯಲ್ಲಿ ವರ್ಷ ತುಂಬುವುದರೊಳಗೆ ಹೊರಟುಹೋದವನಿಗೆ ಜಗುಲಿಯಲ್ಲಿ ಜಾಗ ಸಿಗಬಹುದು, ನಡುಮನೆಯಲ್ಲಿ ಸಿಗುವುದಿಲ್ಲ.

ನಿಜವಾದ ಜಗಳ ಹತ್ತಿಕೊಂಡದ್ದು 147 ಪೌಂಡಿನ ವೆಲ್ಟರ್‌ವೇಟ್ ವಿಭಾಗದಲ್ಲಿ. ಇಂಜಿನಿಯರ್ ತನ್ನ ಮೊಬೈಲಿನಲ್ಲಿ 2023ರ ಜುಲೈ 29ರ ಪಂದ್ಯವನ್ನೇ ತೆರೆದು ಮೇಷ್ಟ್ರ ಮೂಗಿನ ಕೆಳಗೆ ಹಿಡಿದ. ಎರಡನೆಯ ಸುತ್ತಿನಲ್ಲಿ ಎರೋಲ್ ಸ್ಪೆನ್ಸ್ ಬಿದ್ದ. ಏಳನೆಯ ಸುತ್ತಿನಲ್ಲಿ ಮುನ್ನುಗ್ಗಿ ಬಂದವನ ಗದ್ದಕ್ಕೆ ಬಲಗೈಯ ಅಪ್ಪರ್‌ಕಟ್ ಕೆಳಗಿನಿಂದ ಎದ್ದು ಬಡಿಯಿತು, ಅದೇ ಸುತ್ತಿನಲ್ಲಿ ಅವನು ಮತ್ತೊಮ್ಮೆ ಬಿದ್ದ. ಒಂಬತ್ತನೆಯದರಲ್ಲಿ ರೆಫರಿ ಕನಿಕರದಿಂದ ಪಂದ್ಯವನ್ನು ನಿಲ್ಲಿಸಿದರು. ಅದುವರೆಗೆ ಸೋಲನ್ನೇ ಕಾಣದ ಒಬ್ಬ ಚಾಂಪಿಯನ್ ಹೀಗೆ ಹಂತಹಂತವಾಗಿ ಕಳಚಿಹೋಗುವುದನ್ನು ನೋಡಿ ಮೇಷ್ಟ್ರು ಕೂಡ ಕನ್ನಡಕ ಸರಿಪಡಿಸಿಕೊಂಡರು.

ಗುಂಪಿನ ವಕೀಲರು ಅಲ್ಲಿಗೇ ಆಕ್ಷೇಪಣೆ ಎತ್ತಿದರು. “ಸ್ವಾಮಿ, ಸಾಕ್ಷಿ ಒಂದೇ ಇದೆ. ಕ್ರಾಫರ್ಡ್ 2018ರಲ್ಲಿ ಜೆಫ್ ಹಾರ್ನ್‌ನನ್ನು ಸೋಲಿಸಿ ಈ ವಿಭಾಗಕ್ಕೆ ಬಂದ. ಶಾನ್ ಪೋರ್ಟರ್‌ನನ್ನು ಬಿಟ್ಟರೆ ಐದು ವರ್ಷ ಅವನ ಮುಂದೆ ನಿಂತವರಲ್ಲಿ ದೊಡ್ಡ ಹೆಸರು ಯಾವುದಿದೆ? ಶುಗರ್ ರೇ ಲಿಯೊನಾರ್ಡ್ 1979ರಿಂದ 1981ರೊಳಗೆ ಬೆನಿಟೆಜ್, ದುರಾನ್, ಹರ್ನ್ಸ್ ಮೂವರನ್ನೂ ಸೋಲಿಸಿದ್ದಾನೆ.” ಪಂದ್ಯ ಏರ್ಪಡಿಸುವ ಪ್ರವರ್ತಕರ ಜಗಳದಿಂದಾಗಿ ಸ್ಪೆನ್ಸ್ ಪಂದ್ಯ ತಡವಾದರೆ ಕ್ರಾಫರ್ಡನ ಅಪರಾಧವೇನು ಎಂದು ಇಂಜಿನಿಯರ್ ಕೂಗಾಡಿದ. ಅಪರಾಧವಿಲ್ಲ, ಆದರೆ ಆಡದ ಪಂದ್ಯಕ್ಕೆ ಅಂಕವೂ ಇಲ್ಲ ಎಂಬುದು ವಕೀಲರ ವಾದ, ಮತ್ತು ಅದನ್ನು ನಾನು ಒಪ್ಪುತ್ತೇನೆ. ಶುಗರ್ ರೇ ರಾಬಿನ್ಸನ್, 1938ರಲ್ಲಿ ಏಕಕಾಲಕ್ಕೆ ಮೂರು ವಿಭಾಗಗಳ ಪಟ್ಟ ಹೊತ್ತ ಹೆನ್ರಿ ಆರ್ಮ್‌ಸ್ಟ್ರಾಂಗ್, ಲಿಯೊನಾರ್ಡ್, ನಪೋಲೆಸ್ ಇವರೆಲ್ಲ ಕುಳಿತ ಮೇಲೆ ಕ್ರಾಫರ್ಡ್ ಮೊದಲ ಹತ್ತರ ಅಂಚಿನಲ್ಲಿ ನಿಲ್ಲಬೇಕಾಗುತ್ತದೆ.

154 ಪೌಂಡಿನಲ್ಲಿ ಮದ್ರಿಮೋವ್ ವಿರುದ್ಧ ಒಂದೇ ಪಂದ್ಯವಾದ್ದರಿಂದ ಆ ಕಡತವನ್ನು ತೆರೆಯಲೇ ಇಲ್ಲ. 168ರಲ್ಲಿಯೂ ಒಂದೇ ಪಂದ್ಯವೇ; ಆದರೆ ಅದು 2025ರ ಸೆಪ್ಟೆಂಬರ್ 13ರಂದು ಲಾಸ್ ವೇಗಸ್‌ನಲ್ಲಿ, ಎರಡು ವಿಭಾಗ ಮೇಲೇರಿ, ಕನೇಲೋ ಅಲ್ವಾರೆಜ್‌ನಂಥವನನ್ನು ಮೂವರು ತೀರ್ಪುಗಾರರ ಹಾಳೆಯಲ್ಲಿಯೂ ಸೋಲಿಸಿದ ಪಂದ್ಯ. ಒಂದು ರಾತ್ರಿಯ ಅತಿಥಿಗೆ ಆ ವಿಭಾಗದ ಪಟ್ಟಿಯಲ್ಲಿ ಸ್ಥಾನ ಕೊಡಲಾಗದು. ಆದರೆ ಆ ರಾತ್ರಿ ನಡೆಯದಿದ್ದರೆ ನಾವು ಇಷ್ಟು ಹೊತ್ತು ಕೂಗಾಡುತ್ತಲೂ ಇರಲಿಲ್ಲ. ಕ್ರಾಫರ್ಡನ ತೊಡಕೇ ಇದು: ವರ್ಗಾವಣೆಯ ಮೇಲೆ ವರ್ಗಾವಣೆ ಪಡೆದ ದಕ್ಷ ಅಧಿಕಾರಿಯಂತೆ ಹೋದಲ್ಲೆಲ್ಲ ಹೆಸರು ಮಾಡಿದ, ಒಂದು ಕಚೇರಿಯಲ್ಲೂ ಹೆಚ್ಚು ದಿನ ಸಹಿ ಹಾಕಲಿಲ್ಲ. ವಿಭಾಗವಾರು ಅಳೆದರೆ ಚಿಕ್ಕವನಾಗಿ ಕಾಣುತ್ತಾನೆ, ಒಟ್ಟು ಸೇರಿಸಿ ಅಳೆದರೆ ನಮ್ಮ ಕಾಲದ ಯಾರಿಗೂ ಕಡಿಮೆಯಿಲ್ಲ.

ಇದಕ್ಕೆ ಅಪವಾದ 140 ಪೌಂಡಿನ ಜೂನಿಯರ್ ವೆಲ್ಟರ್‌ವೇಟ್. ಪೋಸ್ಟಲ್‌ನನ್ನು 2016ರಲ್ಲಿ ಕಟ್ಟಿಹಾಕಿ, 2017ರಲ್ಲಿ ಇಂಡೊಂಗೊನ ಹೊಟ್ಟೆಗೆ ಎಡಗೈ ಇಳಿಸಿ, ಮೂರನೆಯ ಸುತ್ತಿನಲ್ಲೇ ನಾಲ್ಕು ವಿಶ್ವ ಸಂಸ್ಥೆಗಳ ನಾಲ್ಕೂ ಪಟ್ಟದ ಬೆಲ್ಟುಗಳನ್ನು ಗಂಟುಕಟ್ಟಿಕೊಂಡು ಹೋದವನಿಗೆ ಇಲ್ಲಿ ಖಂಡಿತ ಮುಂದಿನ ಸಾಲು. ಖುಲಿಯೊ ಸೀಸರ್ ಚಾವೆಸ್ ಮೊದಲನೆಯವನೆಂದು ಎಲ್ಲರೂ ಒಪ್ಪಿದರು. ಎರಡನೆಯ ಕುರ್ಚಿ ಆರನ್ ಪ್ರಯರ್‌ನದು ಎಂದು ಮೇಷ್ಟ್ರು ಘೋಷಿಸುತ್ತಲೇ ವಕೀಲರು ಎದ್ದು ನಿಂತರು. ವಾದ ಮಾಡುವ ಹುಮ್ಮಸ್ಸಿನಲ್ಲಿ ಅವರು ಪಕ್ಷವನ್ನೇ ಬದಲಿಸಿದ್ದರು.

“1982ರಲ್ಲಿ ಮಯಾಮಿಯಲ್ಲಿ ಅಲೆಕ್ಸಿಸ್ ಅರ್ಗ್ವೆಯೊನನ್ನು ಹದಿನಾಲ್ಕನೆಯ ಸುತ್ತಿನಲ್ಲಿ ಮುಗಿಸುವ ಮುನ್ನ, ಪ್ರಯರ್‌ನ ಮೂಲೆಯಲ್ಲಿದ್ದ ತರಬೇತುದಾರ ಪನಾಮಾ ಲೂಯಿಸ್ ತಾನೇ ಬೆರೆಸಿದ ಇನ್ನೊಂದು ಬಾಟಲಿಯನ್ನು ಕೇಳಿದ್ದು ಟಿವಿಯ ಮೈಕಿನಲ್ಲೇ ದಾಖಲಾಗಿದೆ; ಅದರಲ್ಲಿ ಏನಿತ್ತೋ ಎಂಬ ಅನುಮಾನ ಇನ್ನೂ ಹೋಗಿಲ್ಲ. ಅಂಥವನನ್ನು ಶುದ್ಧಹಸ್ತನಾದ ಕ್ರಾಫರ್ಡನಿಗಿಂತ ಮೇಲೆ ಕೂರಿಸುವುದು ನ್ಯಾಯವೇ?”

ಮೇಷ್ಟ್ರು ನಿಧಾನವಾಗಿ ಕಾಫಿ ಲೋಟ ಕೆಳಗಿಟ್ಟರು. “1983ರ ಮರುಪಂದ್ಯದಲ್ಲಿ ಆ ಲೂಯಿಸನೂ ಇರಲಿಲ್ಲ, ಆ ಬಾಟಲಿಯೂ ಇರಲಿಲ್ಲ. ಪ್ರಯರ್ ಹತ್ತನೆಯ ಸುತ್ತಿನಲ್ಲೇ ಗೆದ್ದ. ಅಂದರೆ ಬಾಟಲಿಯಿಂದ ಅವನಿಗೆ ನಾಲ್ಕು ಸುತ್ತು ತಡವಾಯಿತು ಎಂದೇ ಆಗಲಿಲ್ಲವೇ, ವಕೀಲರೇ?”

ವಕೀಲರು ಮುಂದಿನ ಭಾನುವಾರಕ್ಕೆ ವಾಯಿದೆ ಕೇಳಿದರು.