ಪದಚರ್ಚೆ: ತಂಡದ ಫೈಲು ‘ಸಿಂಕ್ ಮಾಡುವುದೋ’, ‘ಸಿಂಕ್ ಆಗುವುದೋ’?

ಎಲ್ಲರಿಗೂ ನಮಸ್ಕಾರ,

ಒಂದು ಪದದ ಬಗ್ಗೆ ಕೇಳೋಣ ಅಂತ ಕೂತೆ. ಬರೆಯುತ್ತಾ ಹೋದಂತೆ ಒಂದಕ್ಕೊಂದು ಹೊಂದಿಕೊಂಡ ನಾಲ್ಕೈದು ಪದಗಳಾದವು. ಸ್ವಲ್ಪ ತಾಳ್ಮೆಯಿಂದ ಓದಿ.

ನಮ್ಮದೊಂದು ಸಣ್ಣ ತಂಡ. ಹಳ್ಳಿಗಳಲ್ಲಿ ಹಿರಿಯರು ಹೇಳುವ ಸೋಬಾನೆ ಪದ, ಬೀಸುವ ಪದ, ಲಾವಣಿಗಳನ್ನು ರೆಕಾರ್ಡ್ ಮಾಡಿಕೊಂಡು ಬಂದು ಬರಹಕ್ಕೆ ಇಳಿಸುತ್ತೇವೆ. ಆಡಿಯೊ, ಬರಹ, ಫೋಟೊ ಎಲ್ಲವೂ ಕ್ಲೌಡ್‌ನಲ್ಲಿ, ಅಂದರೆ ಇಂಟರ್ನೆಟ್ ಮೂಲಕ ಸಿಗುವ ಜಾಗದಲ್ಲಿ, ಒಂದೇ ಕಡೆ ಇವೆ. ಅದನ್ನೇ ಪ್ರತಿಯೊಬ್ಬರೂ ತಮ್ಮ ಸ್ವಂತ ಲ್ಯಾಪ್‌ಟಾಪ್‌ಗೂ ಹೊಂದಿಸಿಕೊಂಡಿದ್ದಾರೆ. ಹೊಸದಾಗಿ ಸೇರುವವರಿಗೆ ಕನ್ನಡದಲ್ಲಿ ಒಂದು ಸೂಚನಾ ಪತ್ರ ಬರೆದುಕೊಡುವ ಕೆಲಸ ನನ್ನ ಪಾಲಿಗೆ ಬಂದಿದೆ. ಓದುವವರಲ್ಲಿ ಮೇಷ್ಟ್ರುಗಳಿದ್ದಾರೆ, ಕಾಲೇಜು ಹುಡುಗರಿದ್ದಾರೆ, ನಿವೃತ್ತರಾದವರೂ ಇದ್ದಾರೆ. ಹಾಡಿನ ಬಗ್ಗೆ ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಕಂಪ್ಯೂಟರಿನ ಇಂಗ್ಲಿಷ್ ಮಾತ್ರ ಅಷ್ಟಕ್ಕಷ್ಟೇ.

ಮೊದಲು ‘ಸಿಂಕ್’, ಅಂದರೆ ಕ್ಲೌಡ್‌ನಲ್ಲೂ ನಮ್ಮ ಲ್ಯಾಪ್‌ಟಾಪ್‌ನಲ್ಲೂ ಫೈಲುಗಳು ಒಂದೇ ಥರ ಇರುವಂತೆ ಯಂತ್ರವೇ ನೋಡಿಕೊಳ್ಳುವುದು. ಫೋನನ್ನು ಕನ್ನಡಕ್ಕೆ ಬದಲಿಸಿದರೂ ಅಲ್ಲಿ ‘ಸಿಂಕ್ ಮಾಡಿ’ ಅಂತಲೇ ಇರುತ್ತದೆ. ಪದದ ಬಗ್ಗೆ ನನ್ನ ಜಗಳ ಇಲ್ಲ. ಬಸ್ಸು, ಬ್ಯಾಂಕು ಬಂದ ಹಾಗೆ ಇದೂ ಬಂದಿದೆ, ಇರಲಿ. ಅಡುಗೆಮನೆಯ ಸಿಂಕೂ ಇದೂ ನಮ್ಮ ಲಿಪಿಯಲ್ಲಿ ಒಂದೇ ಥರ ಕಾಣುತ್ತವೆ ಅನ್ನುವುದು ಬೇರೆ ಮಾತು. ‘ಸಿಂಕ್ ಕಟ್ಟಿಕೊಂಡಿದೆ’ ಅಂದರೆ ಪ್ಲಂಬರ್‌ನ ಕರೆಯಬೇಕೋ ಇಂಟರ್ನೆಟ್‌ನವರನ್ನೋ ಅನ್ನುವ ಗೊಂದಲ ಇನ್ನೂ ಯಾರಿಗೂ ಬಂದಂತಿಲ್ಲ.

ನನಗೆ ಕಷ್ಟ ಕೊಡುತ್ತಿರುವುದು ಅದರ ಬೆನ್ನಿಗೆ ಬರುವ ‘ಮಾಡು’. ಈ ‘ಮಾಡು’ ಕಿವಿಗೆ ಬಿದ್ದರೆ ಒಂದು ಸಲ ಮಾಡಿ ಮುಗಿಸುವ ಕೆಲಸದ ಹಾಗೆ ಕೇಳುತ್ತದೆ. ಸಹಿ ಮಾಡು, ರೀಚಾರ್ಜ್ ಮಾಡು, ಫೋನ್ ಮಾಡು. ‘ಫೋಲ್ಡರನ್ನು ಸಿಂಕ್ ಮಾಡಿ’ ಅಂತ ಬರೆದರೆ ಜನ ಗುಂಡಿ ಒತ್ತಿ ಎದ್ದು ಹೋಗುತ್ತಾರೆ. ಆಮೇಲೆ ಎರಡು ಥರದ ಮಾತು ಬರುತ್ತದೆ. ‘ಇವತ್ತು ಸಿಂಕ್ ಮಾಡೋದು ಮರೆತೆ, ಎಲ್ಲಿ ಒತ್ತಬೇಕು ಸಾರ್?’ ಅನ್ನುವುದು ಒಂದು. ಇದರಿಂದ ನಷ್ಟವೇನಿಲ್ಲ. ‘ನಾನು ಅವತ್ತೇ ಸಿಂಕ್ ಮಾಡ್ಕೊಂಡೆ, ಈಗ ನನ್ನ ಹತ್ರ ಇರೋದು ನಂದು’ ಅನ್ನುವುದು ಇನ್ನೊಂದು. ಇದು ಅಪಾಯ.

ಯಾಕೆಂದರೆ ಅದು ಮುಗಿಯುವ ಕೆಲಸವೇ ಅಲ್ಲ. ಒಂದು ಸಲ ಹಚ್ಚಿ ಬಿಟ್ಟರೆ ಹಿನ್ನೆಲೆಯಲ್ಲಿ ನಡೆಯುತ್ತಲೇ ಇರುತ್ತದೆ. ಇಲ್ಲಿ ಒಂದಕ್ಷರ ತಿದ್ದಿದರೆ ಕ್ಲೌಡ್‌ನಲ್ಲೂ ತಿದ್ದುತ್ತದೆ, ಅಲ್ಲಿಂದ ಉಳಿದವರ ಲ್ಯಾಪ್‌ಟಾಪ್‌ಗೂ ಹೋಗುತ್ತದೆ. ಅಳಿಸಿದರೂ ಅಷ್ಟೇ.

ಹಿಂದೆ ‘ಮಾಡು’ ಸರಿಯಾಗಿತ್ತು ಅನಿಸುತ್ತದೆ. ವಿಂಡೋಸ್ 95ರಲ್ಲಿ ‘ಮೈ ಬ್ರೀಫ್‌ಕೇಸ್’ ಅಂತ ಒಂದು ಐಕಾನ್ ಇರುತ್ತಿತ್ತು, ಕೆಲವರಿಗೆ ನೆನಪಿರಬಹುದು. ಫೈಲುಗಳನ್ನು ಅದರೊಳಗೆ ಹಾಕಿ, ಫ್ಲಾಪಿಯಲ್ಲಿ ಮನೆಗೆ ಒಯ್ದು, ತಿದ್ದಿ ವಾಪಸ್ ತಂದು, ‘ಅಪ್‌ಡೇಟ್’ ಅಂತ ಒತ್ತಬೇಕಿತ್ತು. ಒತ್ತಿದರೆ ಉಂಟು, ಇಲ್ಲದಿದ್ದರೆ ಇಲ್ಲ. 2008ರಲ್ಲಿ ಜನರ ಕೈಗೆ ಬಂದ ಡ್ರಾಪ್‌ಬಾಕ್ಸ್, 2012ರಲ್ಲಿ ಬಂದ ಗೂಗಲ್ ಡ್ರೈವ್ ಇವೆಲ್ಲ ಒತ್ತುವ ಕೆಲಸವನ್ನೇ ತೆಗೆದುಹಾಕಿದವು. ಕೆಲಸ ‘ಮಾಡು’ವಿನಿಂದ ‘ಆಗು’ವಿಗೆ ದಾಟಿತು. ನಮ್ಮ ಬರವಣಿಗೆ ಮಾತ್ರ ಅಲ್ಲೇ ಇದೆ.

ಹಾಗಾಗಿ ಸೂಚನೆಯಲ್ಲಿ ‘ಸಿಂಕ್ ಆಗುತ್ತಾ ಇರುತ್ತದೆ’ ಅಂತ ಬರೆಯುತ್ತಿದ್ದೇನೆ. ಆದರೆ ಶುರುವಿನಲ್ಲಿ ಒಂದು ಗುಂಡಿ ಒತ್ತಬೇಕಲ್ಲ, ಅದಕ್ಕೇನು ಹೇಳುವುದು? ಫೋನನ್ನು ‘ಚಾರ್ಜ್‌ಗೆ ಹಾಕು’ ಅನ್ನುತ್ತೇವೆ. ಹಾಕುವುದು ಒಂದು ಸಲ, ಚಾರ್ಜ್ ಆಗುವುದು ಅದರ ಪಾಡಿಗೆ. ಅದೇ ದಾರಿಯಲ್ಲಿ ‘ಫೋಲ್ಡರನ್ನು ಸಿಂಕ್‌ಗೆ ಹಾಕಿ’ ಅಂದರೆ ಹೇಗೆ? ನನಗೆ ಇದು ಬಾಯಿಗೆ ಸಲೀಸಾಗಿ ಬರುತ್ತದೆ. ನಿಮಗೆ?

ಕನ್ನಡದ್ದೇ ಪದ ಬೇಕು ಅನ್ನುವವರು ಇಲ್ಲಿ ಇರುತ್ತಾರೆ, ಅವರಿಗಾಗಿ ಎರಡು ಮಾತು. ಗ್ರೀಕ್‌ನಲ್ಲಿ ‘ಸಿನ್’ ಅಂದರೆ ಜೊತೆ, ‘ಕ್ರೋನೋಸ್’ ಅಂದರೆ ಕಾಲ. ಅದನ್ನು ಹಿಡಿದು ‘ಸಮಕಾಲೀಕರಣ’ ಅಂತ ಹೊಸೆಯಬಹುದು. ಆದರೆ ಫೈಲುಗಳ ವಿಷಯದಲ್ಲಿ ಕಾಲಕ್ಕಿಂತ ಒಳಗಿರುವುದು ಒಂದೇ ಆಗಿರಬೇಕು ಅನ್ನುವುದು ಮುಖ್ಯ ಅಲ್ವಾ? ‘ಮೇಳೈಸು’ ಚೆಂದದ ಪದ. ಬರೆಯಲು ಖುಷಿ, ಆದರೆ ಮಾತಿನಲ್ಲಿ ‘ನಿಮ್ಮದು ಮೇಳೈಸಿತಾ?’ ಅಂತ ಯಾರೂ ಕೇಳಲಾರರು. ನನ್ನ ಮನಸ್ಸು ಎಳೆಯುವುದು ‘ತಾಳೆ’ಯ ಕಡೆ. ಅಂಗಡಿಯಲ್ಲಿ, ಬ್ಯಾಂಕಿನಲ್ಲಿ ‘ಲೆಕ್ಕ ತಾಳೆ ಆಯ್ತು’, ‘ತಾಳೆ ಆಗ್ತಿಲ್ಲ’ ಅನ್ನುತ್ತಾರೆ. ಎರಡು ಕಡೆಯದೂ ಒಂದೇ ಆಯಿತು ಅನ್ನುವ ಅರ್ಥ ಅಲ್ಲೇ ಇದೆ. ಸಿಂಕ್ ಆದ ಫೈಲಿನ ಪಕ್ಕದಲ್ಲಿ ಹಸಿರು ಟಿಕ್ ಕಂಡಾಗ ‘ತಾಳೆಯಾಗಿದೆ’ ಅಂತ ಓದಿಕೊಳ್ಳಲು ಸೊಗಸು. ಒಂದು ಕೊರತೆ ಏನೆಂದರೆ, ತಾಳೆ ನೋಡುವವರು ವ್ಯತ್ಯಾಸವನ್ನು ಹುಡುಕುತ್ತಾರೆ, ತಾವೇ ತಿದ್ದುವುದಿಲ್ಲ. ಇಲ್ಲಿ ಯಂತ್ರ ಕೇಳದೇ ತಿದ್ದಿಬಿಡುತ್ತದೆ. ಆದ್ದರಿಂದ ಸ್ಥಿತಿಗೆ ‘ತಾಳೆ’, ಕೆಲಸಕ್ಕೆ ‘ಸಿಂಕ್’ ಅಂತ ಇಟ್ಟುಕೊಳ್ಳಬಹುದೇನೋ.

ಫೈಲಿಗೆ ‘ಕಡತ’ ಬೇಡ ಅಂತ ನಿರ್ಧಾರ ಮಾಡಿ ಆಗಿದೆ. ಕಚೇರಿಯಲ್ಲಿ ಕಡತ ಅಂದರೆ ಹಲವು ಹಾಳೆಗಳ ಕಟ್ಟು, ಅದು ಫೋಲ್ಡರಿಗೆ ಹತ್ತಿರ. ಅದಕ್ಕೂ ಹಿಂದಿನ ಕಡತ ಅಂದರೆ ಹುಣಸೆಬೀಜದ ಅಂಟಿಗೆ ಇದ್ದಿಲು ಬೆರೆಸಿ ಬಟ್ಟೆಗೆ ಬಳಿದು, ಮಡಚಿ, ಬಳಪದಲ್ಲಿ ಬರೆಯುತ್ತಿದ್ದದ್ದು. ಶೃಂಗೇರಿ ಮಠದ ಲೆಕ್ಕಪತ್ರಗಳ ಕಡತಗಳು ಹೆಸರುವಾಸಿ. ಸುಮ್ನೆ ನೆನಪಾಯಿತು, ಹೇಳಿದೆ.

ಈಗ ‘ಪ್ರತಿ’. ಇದು ನನಗೆ ‘ಮಾಡು’ವಿಗಿಂತ ಜಾಸ್ತಿ ಕಾಡುತ್ತಿದೆ. ಸಿಂಕ್ ಅಂದರೇನು ಅಂತ ವಿವರಿಸುವಾಗ ಎಲ್ಲರೂ ಬರೆಯುವ ವಾಕ್ಯ ಇದು: ‘ನಿಮ್ಮ ಕಂಪ್ಯೂಟರಿನಲ್ಲೂ ಒಂದು ಪ್ರತಿ ಇರುತ್ತದೆ.’ ತಾಂತ್ರಿಕವಾಗಿ ಇದರಲ್ಲಿ ಸುಳ್ಳಿಲ್ಲ. ಆದರೆ ಕನ್ನಡ ಓದುಗರಿಗೆ ಪ್ರತಿ, ನಕಲು ಅಂದರೆ ಮೂಲಕ್ಕಿಂತ ಬೇರೆಯದು. ತಾಲ್ಲೂಕು ಕಚೇರಿಯಿಂದ ತಂದ ಪಹಣಿಯ ನಕಲನ್ನು ಹರಿದು ಬಿಸಾಕಿದರೂ ಅಲ್ಲಿನ ದಾಖಲೆಗೆ ಏನೂ ಆಗುವುದಿಲ್ಲ. ಸಿಂಕ್ ಆದ ಫೈಲನ್ನು ಬಿಸಾಕಿದರೆ ಎಲ್ಲರದ್ದೂ ಹೋಗುತ್ತದೆ.

ನಮ್ಮಲ್ಲಿ ಒಬ್ಬರು ಹಿರಿಯರು ಒಂದು ಊರಿನ ಹಾಡುಗಳಿದ್ದ ಇಡೀ ಫೋಲ್ಡರನ್ನು ‘ಕ್ಷೇಮವಾಗಿ ಇರಲಿ’ ಅಂತ ಎಳೆದು ಡೆಸ್ಕ್‌ಟಾಪ್ ಮೇಲೆ ಇಟ್ಟರು. ಅವರ ಲೆಕ್ಕದಲ್ಲಿ ಅದು ತಮ್ಮ ಪ್ರತಿ. ಸ್ವಲ್ಪ ಹೊತ್ತಿಗೆ ಉಳಿದವರ ಲ್ಯಾಪ್‌ಟಾಪ್‌ಗಳಿಂದ ಆ ಊರೇ ಮಾಯ. ಕಾರಣ ಸರಳ. ವಿಂಡೋಸ್‌ನಲ್ಲಿ ಒಂದೇ ಡಿಸ್ಕಿನೊಳಗೆ ಎಳೆದರೆ ಫೈಲು ಸ್ಥಳ ಬದಲಿಸುತ್ತದೆ. ಬೇರೆ ಡಿಸ್ಕಿಗೆ ಎಳೆದರೆ ಮಾತ್ರ ಪ್ರತಿಯಾಗುತ್ತದೆ. ಸಿಂಕ್ ಫೋಲ್ಡರು, ಡೆಸ್ಕ್‌ಟಾಪು ಎರಡೂ ಸಿ ಡ್ರೈವ್‌ನಲ್ಲೇ ಇದ್ದವು. ಫೋಲ್ಡರು ಆಚೆ ಹೋಯಿತು, ಕ್ಲೌಡ್ ಅದನ್ನು ಅಳಿಸಿದರು ಅಂತ ತಿಳಿದುಕೊಂಡಿತು. ಕಸದಬುಟ್ಟಿಯಿಂದ ವಾಪಸ್ ತಂದೆವು, ತೊಂದರೆ ಆಗಲಿಲ್ಲ. ಗೂಗಲ್‌ನ ಶೇರ್ಡ್ ಡ್ರೈವ್‌ನಲ್ಲಿ (ಇಡೀ ತಂಡ ಒಟ್ಟಿಗೆ ಬಳಸುವ ಜಾಗ) ಅಳಿಸಿದ್ದು 30 ದಿನ ಬುಟ್ಟಿಯಲ್ಲಿ ಇರುತ್ತದೆ. ಅಂಥದ್ದೇ ಆದ ಮೈಕ್ರೋಸಾಫ್ಟ್‌ನ ಶೇರ್‌ಪಾಯಿಂಟ್‌ನಲ್ಲಿ 93 ದಿನ.

ಆದ್ದರಿಂದ ‘ಪ್ರತಿ’ಯನ್ನು ಬಿಟ್ಟು ‘ಅದೇ ಫೈಲು ಇಲ್ಲೂ ಇರುತ್ತದೆ’ ಅಂತ ಬರೆಯುತ್ತಿದ್ದೇನೆ. ‘ಪ್ರತಿ’ ಅನ್ನುವುದನ್ನು ಇಳಿಸಿಕೊಂಡ ಫೈಲಿಗೆ ಮೀಸಲಿಡುತ್ತೇನೆ. ಡೌನ್‌ಲೋಡ್‌ಗೆ ‘ಇಳಿಸಿಕೊಳ್ಳು’ ಚೆನ್ನಾಗಿ ಕೂತಿದೆ, ಇಳಿಸಿಕೊಂಡದ್ದು ನಿಜಕ್ಕೂ ನಮ್ಮದೇ. ಇದರಲ್ಲಿ ತಪ್ಪು ಕಂಡರೆ ಹೇಳಿ.

ಇನ್ನೊಂದು ಸಿಕ್ಕು. ಕೆಲವು ಫೈಲು ಲ್ಯಾಪ್‌ಟಾಪ್‌ನಲ್ಲಿ ಕಾಣುತ್ತವೆ, ಆದರೆ ಇರುವುದಿಲ್ಲ. ಮೈಕ್ರೋಸಾಫ್ಟ್‌ನ ಒನ್‌ಡ್ರೈವ್‌ನಲ್ಲಿ ಫೈಲಿನ ಪಕ್ಕದಲ್ಲಿ ನೀಲಿ ಮೋಡದ ಗುರುತಿದ್ದರೆ ಅದು ಬರೀ ಹೆಸರು, ತೆರೆದಾಗ ಮಾತ್ರ ಇಳಿದು ಬರುತ್ತದೆ. ಬಿಳಿ ವೃತ್ತದಲ್ಲಿ ಹಸಿರು ಟಿಕ್ ಇದ್ದರೆ ಇಳಿದಿದೆ. ತುಂಬು ಹಸಿರು ವೃತ್ತದಲ್ಲಿ ಬಿಳಿ ಟಿಕ್ ಇದ್ದರೆ ಯಾವಾಗಲೂ ಇಲ್ಲೇ ಇರಲಿ ಅಂತ ನಾವೇ ಹೇಳಿಟ್ಟದ್ದು. ಗೂಗಲ್ ಡ್ರೈವ್ ಇದನ್ನೇ ‘ಸ್ಟ್ರೀಮ್’ (ತೆರೆದಾಗ ಮಾತ್ರ ಇಳಿಯುವುದು) ಮತ್ತು ‘ಮಿರರ್’ (ಪೂರ್ತಿ ಇಲ್ಲೇ ಇರುವುದು) ಅಂತ ಎರಡು ಬಗೆ ಮಾಡಿದೆ. ನಮ್ಮ ಸ್ವಂತ ಡ್ರೈವ್‌ಗೆ ಎರಡರಲ್ಲಿ ಯಾವುದಾದರೂ ಆದೀತು, ತಂಡದ ಶೇರ್ಡ್ ಡ್ರೈವ್‌ಗೆ ಸ್ಟ್ರೀಮ್ ಒಂದೇ. ಹಳ್ಳಿಗೆ ಹೊರಟಾಗ ಇದು ಗೊತ್ತಿರಬೇಕು. ನೆಟ್‌ವರ್ಕ್ ಇಲ್ಲದ ಕಡೆ ಕೂತು ಅಜ್ಜಿಗೆ ಅವರದೇ ಹಾಡು ಕೇಳಿಸೋಣ ಅಂದರೆ ಫೈಲು ತೆರೆಯುವುದೇ ಇಲ್ಲ.

ಮಿರರ್‌ಗೆ ‘ಕನ್ನಡಿ’ ಅನ್ನಲು ಹೋದರೆ ಕನ್ನಡದಲ್ಲಿ ಅರ್ಥ ತಲೆಕೆಳಗಾಗುತ್ತದೆ. ಕನ್ನಡಿಯೊಳಗಿನ ಗಂಟು ಅಂದರೆ ಕಾಣುತ್ತದೆ, ಕೈಗೆ ಸಿಗುವುದಿಲ್ಲ. ಅದು ಸ್ಟ್ರೀಮ್‌ಗೆ ಹೊಂದುವ ಮಾತು! ಮಿರರ್‌ನಲ್ಲಿ ಫೈಲು ನಿಜವಾಗಿ ನಮ್ಮ ಡಿಸ್ಕಿನಲ್ಲೇ ಇರುತ್ತದೆ. ಹಾಗಾಗಿ ಈ ಎರಡಕ್ಕೆ ‘ಹೆಸರು ಮಾತ್ರ ಇಲ್ಲಿ’, ‘ಪೂರ್ತಿ ಇಲ್ಲಿ’ ಅಂತ ಬರೆದಿದ್ದೇನೆ. ಪದ ಅನಿಸಿಕೊಳ್ಳುವುದಿಲ್ಲ, ಆದರೆ ತಿಳಿಯುತ್ತದೆ.

ಅದರ ಜೊತೆಗೇ ‘ಫ್ರೀ ಅಪ್ ಸ್ಪೇಸ್’ ಅನ್ನುವ ಆಯ್ಕೆ ಬರುತ್ತದೆ. ಫೈಲನ್ನು ಡಿಸ್ಕಿನಿಂದ ತೆಗೆದು ಹೆಸರನ್ನು ಮಾತ್ರ ಉಳಿಸುವುದು, ಕ್ಲೌಡ್‌ನಲ್ಲಿ ಏನೂ ಆಗುವುದಿಲ್ಲ. ಕನ್ನಡದಲ್ಲಿ ‘ಜಾಗ ಖಾಲಿ ಮಾಡಿ’ ಅಂತ ಬರೆದೆ ಅಂದುಕೊಳ್ಳಿ. ಮೆನುವೇ ನಮ್ಮನ್ನು ಎದ್ದು ಹೋಗು ಅಂದ ಹಾಗಾಗುತ್ತದೆ. ‘ಇಲ್ಲಿಂದ ಮಾತ್ರ ತೆಗೆ’ ಅಂದರೆ ‘ಅಳಿಸು’ವಿನಿಂದ ಬೇರೆಯಾಗಿ ನಿಲ್ಲುತ್ತದೆ ಅಂತ ನನ್ನ ಎಣಿಕೆ.

ಒಂದೇ ಬರಹವನ್ನು ಇಬ್ಬರು ನೆಟ್ ಇಲ್ಲದಾಗ ತಿದ್ದಿದರೆ ಎರಡು ಫೈಲು ಹುಟ್ಟುತ್ತವೆ. ಡ್ರಾಪ್‌ಬಾಕ್ಸ್ ಎರಡನೆಯದಕ್ಕೆ ‘ಕಾನ್‌ಫ್ಲಿಕ್ಟೆಡ್ ಕಾಪಿ’ ಅಂತ ಹೆಸರು ಸೇರಿಸುತ್ತದೆ, ಒನ್‌ಡ್ರೈವ್ ಕಂಪ್ಯೂಟರಿನ ಹೆಸರನ್ನು ಬಾಲಕ್ಕೆ ಅಂಟಿಸುತ್ತದೆ. ಹಸ್ತಪ್ರತಿಗಳ ಕೆಲಸ ಮಾಡಿದ ಒಬ್ಬರು ಇದನ್ನು ‘ಪಾಠಾಂತರ’ (ಒಂದೇ ಕೃತಿ ಬೇರೆ ಬೇರೆ ಪ್ರತಿಗಳಲ್ಲಿ ಬೇರೆ ಬೇರೆಯಾಗಿ ಇರುವುದು) ಅನ್ನಿ ಅಂದರು. ಬಹಳ ಸರಿಯಾದ ಪದ, ಆದರೆ ಹುಡುಗರು ಹೆದರುತ್ತಾರೆ. ನನ್ನ ಆಯ್ಕೆ ‘ತಕರಾರು ಪ್ರತಿ’. ಇಬ್ಬರದ್ದನ್ನೂ ಓದಿ ಯಾವುದು ಉಳಿಯಬೇಕು ಅಂತ ತೀರ್ಮಾನ ಮಾಡಬೇಕು ಅನ್ನುವುದು ಹೆಸರಿನಲ್ಲೇ ಇದೆ.

ಕೊನೆಯದು ‘ಶೇರ್ಡ್’. ಇದರಲ್ಲಿ ನಿಮ್ಮ ಸಹಾಯ ನಿಜಕ್ಕೂ ಬೇಕು. ‘ಹಂಚಿದ ಫೋಲ್ಡರ್’, ‘ಹಂಚಿಕೊಂಡ ಡ್ರೈವ್’ ಅಂತ ಬಳಕೆಗೆ ಬಂದುಬಿಟ್ಟಿದೆ. ಹಂಚುವುದು ಅಂದರೆ ಭಾಗ ಮಾಡಿ ಕೊಡುವುದು. ಸಿಹಿ ಹಂಚಿದರೆ ಒಬ್ಬೊಬ್ಬರಿಗೆ ಒಂದೊಂದು ತುಂಡು. ಅಣ್ಣತಮ್ಮಂದಿರು ಜಮೀನು ಹಂಚಿಕೊಂಡರು ಅಂದರೆ ಇನ್ನು ಅದು ಒಟ್ಟಿಗಿಲ್ಲ, ಪೋಡಿ ಆಗಿ ಪಹಣಿಯೂ ಬೇರೆ ಬೇರೆ. ಶೇರ್ಡ್ ಡ್ರೈವ್ ಇದಕ್ಕೆ ತದ್ವಿರುದ್ಧ. ಎಲ್ಲವೂ ಎಲ್ಲರದ್ದು, ಯಾರಿಗೂ ಪಾಲಿಲ್ಲ. ‘ನನ್ನದು ನಾನು ಅಳಿಸಿದೆ’ ಅನ್ನುವ ಮಾತಿನ ಹಿಂದೆ ಈ ‘ಹಂಚು’ವಿನ ಕೈವಾಡವೂ ಇದೆ ಅನ್ನುವುದು ನನ್ನ ಗುಮಾನಿ.

ಇಲ್ಲಿ ಎರಡು ಬಗೆ ಇರುವುದನ್ನೂ ಗಮನಿಸಬೇಕು. ಒಬ್ಬರು ತಮ್ಮ ಸ್ವಂತ ಫೋಲ್ಡರನ್ನು ಉಳಿದವರಿಗೆ ತೆರೆದುಕೊಟ್ಟರೆ ಯಜಮಾನರು ಅವರೇ. ಅದಕ್ಕೆ ‘ಹಂಚಿಕೊಂಡ’ ನಡೆದೀತು. ಗೂಗಲ್‌ನ ಶೇರ್ಡ್ ಡ್ರೈವ್‌ನಲ್ಲಿ ಫೈಲಿಗೆ ಯಜಮಾನ ವ್ಯಕ್ತಿಯೇ ಇಲ್ಲ. ಹಾಕಿದವರು ತಂಡ ಬಿಟ್ಟು ಹೋದರೂ ಫೈಲು ಅಲ್ಲೇ ಉಳಿಯುತ್ತದೆ. ಇದನ್ನು ಮೊದಲು ‘ಟೀಮ್ ಡ್ರೈವ್’ ಅನ್ನುತ್ತಿದ್ದರು, 2019ರಲ್ಲಿ ‘ಶೇರ್ಡ್ ಡ್ರೈವ್’ ಅಂತ ಬದಲಿಸಿದರು. ಹಳೆಯ ಹೆಸರೇ ವಾಸಿಯಿತ್ತು.

ಬ್ಯಾಂಕಿನಲ್ಲಿ ‘ಜಂಟಿ ಖಾತೆ’ ಎಲ್ಲರಿಗೂ ಗೊತ್ತು. ಪಹಣಿಯಲ್ಲೂ ‘ಜಂಟಿ’ ಬರುತ್ತದೆ. ಹಾಗಾಗಿ ‘ಜಂಟಿ ಡ್ರೈವ್’ ಅಂತ ಬರೆದು ನೋಡಿದೆ. ಒಟ್ಟಿಗೆ ಇದೆ, ಭಾಗ ಆಗಿಲ್ಲ ಅನ್ನುವುದು ಒಂದೇ ಪದದಲ್ಲಿ ಬರುತ್ತದೆ. ಒಂದೇ ಅನುಮಾನ: ಜಂಟಿ ಅಂದರೆ ಹೆಸರಿದ್ದ ಇಬ್ಬರು ಮೂವರಿಗೆ ಹಕ್ಕು ಅನ್ನುವ ವಾಸನೆ ಇದೆ, ನಾಳೆ ‘ನನ್ನ ಅರ್ಧ ಕೊಡಿ’ ಅನ್ನಬಹುದಾದ ಹಕ್ಕು. ಸಂಘದ ಆಸ್ತಿಗೆ ಆ ಮಾತು ಹೊಂದುವುದಿಲ್ಲ. ಹಾಗಾದರೆ ಸುಮ್ನೆ ‘ತಂಡದ ಡ್ರೈವ್’ ಸಾಕೇ? ಬ್ಯಾಂಕು, ಕಂದಾಯ ಇಲಾಖೆ, ಸಹಕಾರ ಸಂಘಗಳಲ್ಲಿ ಕೆಲಸ ಮಾಡಿದವರು ಇಲ್ಲಿದ್ದರೆ, ಯಾರೊಬ್ಬರ ಹೆಸರಿಗೂ ಇಲ್ಲದ, ಸದಸ್ಯರೆಲ್ಲ ಬಳಸುವ ವಸ್ತುವಿಗೆ ನಿಮ್ಮ ಕಾಗದಪತ್ರಗಳಲ್ಲಿ ಯಾವ ಪದ ಬಳಸುತ್ತೀರಿ ಅಂತ ದಯವಿಟ್ಟು ತಿಳಿಸಿ. ‘ಸಿಂಕ್‌ಗೆ ಹಾಕು’ ಧಾರವಾಡ, ಕಲಬುರಗಿ ಕಡೆಯವರ ಕಿವಿಗೆ ಹೇಗೆ ಕೇಳುತ್ತದೆ ಅನ್ನುವುದೂ ಗೊತ್ತಾಗಬೇಕು. ಆ ಕಡೆ ಚಾರ್ಜಿಗೆ ‘ಹಾಕು’ ಅಂತೀರೋ ‘ಹಚ್ಚು’ ಅಂತೀರೋ?