ಮಾಯಾಬಜಾರ್‌ನ ಆ ಬೆಳದಿಂಗಳು ನಿಜವಾದದ್ದಾ?

ಮಲ್ಲಿಗೆಬಳ್ಳಿ:
ಭಾನುವಾರ ಅಮ್ಮನ ಜೊತೆ ಕೂತು ತೆಲುಗಿನ ಮಾಯಾಬಜಾರ್ (1957) ನೋಡಿದೆ. ಅಭಿಮನ್ಯು, ಶಶಿರೇಖೆ ದೋಣಿಯಲ್ಲಿ ಹೋಗುವ 'ಲಾಹಿರಿ ಲಾಹಿರಿ' ಹಾಡಿನಿಂದ ಕಣ್ಣು ಕೀಳೋಕೆ ಆಗಲಿಲ್ಲ. ಅದನ್ನು ರಾತ್ರಿ ತೆಗೆದರಾ? ಆಮೇಲೆ ಘಟೋತ್ಕಚ ಕೂತಲ್ಲೇ ಕೂತಿರುತ್ತಾನೆ, ಲಾಡುಗಳು ತಾವಾಗಿ ಹಾರಿಬಂದು ಬಾಯಿಗೆ ಬೀಳುತ್ತವೆ! ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಇದೆಲ್ಲ ಹೇಗೆ? ಗೊತ್ತಿದ್ದವರು ದಯವಿಟ್ಟು ಹೇಳಿ.

ಹಳೇರೀಲು:
ಆ ಬೆಳದಿಂಗಳು ಕ್ಯಾಮೆರಾಮನ್ ಮಾರ್ಕಸ್ ಬಾರ್ಟ್ಲೆ ಅವರ ಕೈಚಳಕ. ಚಂದ್ರನಿಗೆ ಕಾಯಲಿಲ್ಲ, ಅದನ್ನು ತಾವೇ ಸೃಷ್ಟಿಸಿದರು. ಕಪ್ಪು ಬಿಳುಪಿನಲ್ಲಿ ಬೆಳದಿಂಗಳು ಅಂದರೆ ಬೆಳಕು ಎಷ್ಟಿದೆ ಅನ್ನೋದಲ್ಲ, ಎಲ್ಲಿ ಬೀಳುತ್ತೆ ಅನ್ನೋದು: ಕೂದಲಿನ ಅಂಚಿಗೆ, ನೀರಿನ ಅಲೆಗೆ ಹೊಳಪು ಸಿಕ್ಕಿ ಉಳಿದದ್ದು ಕತ್ತಲಲ್ಲಿ ಉಳಿದರೆ ನಮ್ಮ ಕಣ್ಣು ಅದನ್ನು ರಾತ್ರಿ ಅಂತ ನಂಬಿಬಿಡುತ್ತೆ. 2010ರಲ್ಲಿ ಇದಕ್ಕೆ ಬಣ್ಣ ಹಾಕಿ ಮತ್ತೆ ಬಿಡುಗಡೆ ಮಾಡಿದರು. ನನ್ನನ್ನು ಕೇಳಿದರೆ ಈ ಹಾಡನ್ನು ಮಾತ್ರ ಕಪ್ಪು ಬಿಳುಪಿನಲ್ಲೇ ನೋಡಬೇಕು. ಇದೇ ಬಾರ್ಟ್ಲೆ ಮುಂದೆ ಮಲಯಾಳಂನ 'ಚೆಮ್ಮೀನ್' ಕೂಡ ತೆಗೆದರು, ಅಲ್ಲಿ ಸಮುದ್ರದ ಬಣ್ಣ ನೋಡಿ.

ಗಾಂಧಿಬಜಾರ್_ಹುಡುಗ:
ಟ್ರಿಕ್ ಬಗ್ಗೆ ನಾನು ಹೇಳ್ತೀನಿ. ಆಗ ಎಲ್ಲರ ಕೈಲಿದ್ದ ಉಪಾಯಗಳು ಕೆಲವೇ. ಕ್ಯಾಮೆರಾ ಅಲುಗದ ಹಾಗೆ ನಿಲ್ಲಿಸಿ, ಶಾಟ್ ತಡೆದು, ವಸ್ತು ಬದಲಿಸಿ ಮತ್ತೆ ಓಡಿಸೋದು. ಫಿಲ್ಮನ್ನು ಹಿಂದುಮುಂದಾಗಿ ಓಡಿಸೋದು. ಒಂದೇ ಫಿಲ್ಮಿನ ಅರ್ಧ ಮುಚ್ಚಿ ಶೂಟ್ ಮಾಡಿ, ಹಿಂದಕ್ಕೆ ಸುತ್ತಿ, ಉಳಿದರ್ಧಕ್ಕೆ ಬೇರೆ ದೃಶ್ಯ ತುಂಬೋದು. ಇದರಲ್ಲಿ ಎಲ್ಲಾದರೂ ಕೂದಲೆಳೆಯಷ್ಟು ತಪ್ಪಿದರೆ ಮೊದಲಿಂದ ಶುರು, ಯಾಕೆಂದರೆ ಏನು ಬಂದಿದೆ ಅಂತ ಲ್ಯಾಬಿಂದ ಫಿಲ್ಮ್ ಬರೋ ತನಕ ಗೊತ್ತಾಗೋದೇ ಇಲ್ಲ. ಆದರೆ ಟ್ರಿಕ್ ಒಂದರಿಂದಲೇ ನಗು ಬರೋದಿಲ್ಲ ಅಲ್ವಾ? ಘಟೋತ್ಕಚನ ಪಾತ್ರದ ಎಸ್.ವಿ. ರಂಗರಾವ್ ಆ ಊಟವನ್ನು ಎಷ್ಟು ಖುಷಿಯಿಂದ ಮಾಡುತ್ತಾರೆ ಅಂದರೆ ಲಾಡು ಹಾರಿದ್ದೇ ಸಹಜ ಅನ್ನಿಸುತ್ತೆ. ಶಶಿರೇಖೆ ಪಾತ್ರದ ಸಾವಿತ್ರಿ ಅಂತೂ ಇನ್ನೂ ಒಂದು ಹೆಜ್ಜೆ ಮುಂದೆ. ಮಾಯಾಶಶಿರೇಖೆ ಅಂದರೆ ಹುಡುಗಿ ವೇಷದ ಘಟೋತ್ಕಚ, ಆಕೆ ರಂಗರಾವ್ ಅವರ ನಡಿಗೆ, ಗತ್ತು ಎಲ್ಲವನ್ನೂ ತನ್ನ ಮೈಗೆ ತಂದುಕೊಂಡು, ಯಾರಾದರೂ ನೋಡಿದ ತಕ್ಷಣ ನಾಚಿಕೆಯ ಹುಡುಗಿ ಆಗಿಬಿಡುತ್ತಾರೆ. ಅದಕ್ಕೆ ಯಾವ ಕ್ಯಾಮೆರಾ ಟ್ರಿಕ್ಕೂ ಇಲ್ಲ.

ಮಲ್ಲಿಗೆಬಳ್ಳಿ:
ಅಬ್ಬಾ! ಮದುವೆ ಸೀನಿನಲ್ಲಿ ವರನ ಕಾಲು ತುಳಿಯೋದು ನೋಡಿ ಅಮ್ಮ ಕಣ್ಣಲ್ಲಿ ನೀರು ಬರೋಷ್ಟು ನಕ್ಕರು.

ತುಂಗಾತೀರ:
ನನಗೆ ಇಷ್ಟವಾದದ್ದು ಮಾತು. ಸಂಭಾಷಣೆ, ಹಾಡು ಎರಡೂ ಪಿಂಗಳಿ ನಾಗೇಂದ್ರರಾವ್ ಅವರದ್ದು. ರಾಕ್ಷಸರು ಕಂಬಳಿಗೆ 'ಗಿಂಬಳಿ', ತಲ್ಪಕ್ಕೆ (ಅಂದರೆ ಹಾಸಿಗೆಗೆ) 'ಗಿಲ್ಪ' ಅನ್ನುತ್ತಾರೆ. ನಾವು ಮನೆಯಲ್ಲಿ ಊಟ ಗೀಟ, ಕಂಬಳಿ ಗಿಂಬಳಿ ಅಂತೀವಲ್ಲ, ಅದೇ 'ಗಿ'ಯನ್ನು ಅವರು ಮಾಯದ ವಸ್ತುವಿನ ಹೆಸರು ಮಾಡಿಬಿಟ್ಟರು. ಕನ್ನಡದವರಿಗೆ ಸಬ್‌ಟೈಟಲ್ಲೇ ಬೇಡ.

ಇನ್ನೊಂದು. ನಿರ್ದೇಶಕ ಕೆ.ವಿ. ರೆಡ್ಡಿ ಇದನ್ನು ತೆಲುಗು, ತಮಿಳು ಎರಡರಲ್ಲೂ ತೆಗೆದರು. ತೆಲುಗಿನಲ್ಲಿ ಅಭಿಮನ್ಯು ನಾಗೇಶ್ವರರಾವ್, ತಮಿಳಿನಲ್ಲಿ ಜೆಮಿನಿ ಗಣೇಶನ್. ಸಾವಿತ್ರಿ ಎರಡರಲ್ಲೂ ಇದ್ದಾರೆ. ಅಂದರೆ ಆ ನಾಚಿಕೆ, ಆ ಗತ್ತು ಎಲ್ಲ ಎರಡೆರಡು ಸಲ! ಅಮ್ಮನಿಗೆ ಮುಂದಿನ ವಾರ ತಮಿಳಿನದ್ದನ್ನೂ ತೋರಿಸಿ.